ಬೋರ್ಡ್ ಎಲ್ಲಿ ಮಾತು ನಿಲ್ಲಿಸಿತು? ಆರ್ಮ್ ಬೋರ್ಡ್‌ನಲ್ಲಿ ಲಿನಕ್ಸ್ ಏಳದಿದ್ದಾಗ ದೋಷ ಹುಡುಕುವ ಬಗೆ

ಮನೆಯಲ್ಲಿ ಬ್ಯಾಕಪ್‌ಗೆ ಅಂತ ಒಂದು ಸಣ್ಣ ಆರ್ಮ್ ಬೋರ್ಡ್ ಇಟ್ಟಿದ್ದೇನೆ. ಒಳಗಿರುವುದು ರಾಕ್‌ಚಿಪ್ ಆರ್‌ಕೆ3399 ಚಿಪ್. ಅದಕ್ಕೆ ಅಂತ ಸಿಕ್ಕ ಇಮೇಜ್‌ನಲ್ಲಿ (ಕಾರ್ಡಿಗೆ ಬರೆಯುವ ಸಿದ್ಧ ಲಿನಕ್ಸ್) 4.4 ಕರ್ನಲ್ (ಲಿನಕ್ಸ್‌ನ ತಿರುಳು) ಇತ್ತು. ತೀರಾ ಹಳೆಯದಾಯಿತು ಅಂತ ಮೇನ್‌ಲೈನ್ ಕರ್ನಲ್ (ಚಿಪ್ ಕಂಪನಿಯದ್ದಲ್ಲದ, ಲಿನಕ್ಸ್‌ನ ಮೂಲ ಆವೃತ್ತಿ) ಕಟ್ಟಿ ಹಾಕಿದೆ. ಸೀರಿಯಲ್ ಪರದೆಯ (ಬೋರ್ಡ್ ತಂತಿಯಲ್ಲಿ ಕಳಿಸುವ ಅಕ್ಷರಗಳನ್ನು ಪಿಸಿಯಲ್ಲಿ ತೋರಿಸುವ ಕಿಟಕಿ) ಮೇಲೆ ‘ಸ್ಟಾರ್ಟಿಂಗ್ ಕರ್ನಲ್’ ಅಂತ ಒಂದು ಸಾಲು ಬಂತು. ಆಮೇಲೆ ಏನೂ ಇಲ್ಲ.

ಎರಡು ರಾತ್ರಿ ಕಾನ್ಫಿಗ್ ಬದಲಿಸುವುದು, ಮತ್ತೆ ಕಟ್ಟುವುದು, ಮತ್ತೆ ಹಾಕುವುದು, ಇದೇ ಆಯಿತು. ಮೂರನೇ ದಿನ ಬೇರೇನೋ ಕೆಲಸಕ್ಕೆ ರೌಟರ್ ಪುಟ ತೆರೆದರೆ, ಈ ಮಹಾಶಯ ಐಪಿ ವಿಳಾಸ ತಗೊಂಡು ಆರಾಮಾಗಿ ಕೂತಿದ್ದಾನೆ! ಎಸ್‌ಎಸ್‌ಎಚ್ ಮಾಡಿದೆ, ಒಳಗೆ ಬಿಟ್ಟುಕೊಂಡಿತು. ಬೋರ್ಡ್ ಎರಡು ದಿನದಿಂದ ಸರಿಯಾಗಿಯೇ ಏಳುತ್ತಿತ್ತು. ನನಗೆ ಕೇಳಿಸುತ್ತಿರಲಿಲ್ಲ ಅಷ್ಟೇ. ಹಳೆಯ ಇಮೇಜ್‌ನಿಂದ ಬೂಟ್ ಸಾಲನ್ನು (ಏಳುವಾಗ ಕರ್ನಲ್‌ಗೆ ಕೊಡುವ ಆಯ್ಕೆಗಳು) ಹಾಗೇ ನಕಲು ಮಾಡಿದ್ದೆ. ಅದರಲ್ಲಿ ಕನ್ಸೋಲ್, ಅಂದರೆ ಕರ್ನಲ್ ಮಾತಾಡುವ ತಂತಿಯ ಹೆಸರು ‘ಟಿಟಿವೈ-ಎಫ್‌ಐಕ್ಯು0’ ಅಂತ ಇತ್ತು. ಅದು ಚಿಪ್ ಕಂಪನಿಯ ಕರ್ನಲ್‌ನಲ್ಲಿ ಮಾತ್ರ ಇರುವ ಹೆಸರು. ಮೇನ್‌ಲೈನ್‌ನಲ್ಲಿ ಅದೇ ತಂತಿಯ ಹೆಸರು ‘ಟಿಟಿವೈ-ಎಸ್2’.

ಆ ದಿನದಿಂದ ‘ಬೋರ್ಡ್ ಏಳುತ್ತಿಲ್ಲ’ ಅಂತ ಯಾರಾದರೂ ಅಂದರೆ ನಾನು ಕೇಳುವುದು ಒಂದೇ. ಎಲ್ಲಿಯವರೆಗೆ ಮಾತಾಡಿತು? ಯಾವ ಸಾಲಿನ ನಂತರ ಸುಮ್ಮನಾಯಿತು? ಕೆಳಗಿನದನ್ನೆಲ್ಲ ಆ ಕ್ರಮದಲ್ಲೇ ಬರೆದಿದ್ದೇನೆ. ನಿಮ್ಮ ಬೋರ್ಡ್ ಎಲ್ಲಿ ನಿಂತಿದೆಯೋ ಅಲ್ಲಿಂದ ಓದಿಕೊಳ್ಳಿ. ಕಮಾಂಡ್ ಮತ್ತು ಆಯ್ಕೆಗಳ ಹೆಸರನ್ನು ಉಚ್ಚಾರದಂತೆ ಬರೆದಿದ್ದೇನೆ. ಕರ್ನಲ್ ಆಯ್ಕೆಗಳನ್ನು ಟೈಪ್ ಮಾಡುವಾಗ ಪದಗಳ ನಡುವೆ ಅಂಡರ್‌ಸ್ಕೋರ್ ಹಾಕಿ. ‘ಟಿಟಿವೈ’, ‘ಬೂಟ್’ ಪದಗಳ ಮುಂದಿನ ಅಡ್ಡಗೆರೆ ಓದಲಷ್ಟೇ, ಅದನ್ನು ಟೈಪ್ ಮಾಡಬೇಡಿ.

ಪಿಸಿಯಲ್ಲಿ ಇಲ್ಲದ ತಾಪತ್ರಯ ಇಲ್ಲೇಕೆ

ಒಂದು ಪೆನ್‌ಡ್ರೈವ್‌ನಲ್ಲಿ ಡೆಬಿಯನ್ ಹಾಕಿಕೊಂಡರೆ ಊರಿನ ಯಾವ ಪಿಸಿಗೆ ಚುಚ್ಚಿದರೂ ಏಳುತ್ತದೆ. ಅಲ್ಲಿ ಬಯೋಸ್ ಅಥವಾ ಯುಇಎಫ್‌ಐ ಇದೆ, ಯಾವ ಹಾರ್ಡ್‌ವೇರ್ ಎಲ್ಲಿದೆ ಅಂತ ಹೇಳುವ ಎಸಿಪಿಐ ಕೋಷ್ಟಕಗಳಿವೆ. ಪಿಸಿಐ ಸ್ಲಾಟ್‌ನಲ್ಲಿ ಕೂತ ಕಾರ್ಡ್ ‘ನಾನು ಇಂಥವನು’ ಅಂತ ತಾನೇ ಹೇಳಿಕೊಳ್ಳುತ್ತದೆ. ಆರ್ಮ್ ಕಂಪನಿ ಮಾರುವುದು ಮುಖ್ಯವಾಗಿ ಕೋರ್‌ನ ವಿನ್ಯಾಸ. ಅದರ ಸುತ್ತ ಯಾವ ಎತರ್ನೆಟ್, ಯಾವ ಎಸ್‌ಡಿ ಕಂಟ್ರೋಲರ್, ಯಾವುದು ಯಾವ ವಿಳಾಸದಲ್ಲಿ, ಇದೆಲ್ಲ ಚಿಪ್ ಮಾಡುವವರ ಇಷ್ಟ. ಬೋರ್ಡ್ ಮಾಡುವವರು ಅದರ ಮೇಲೆ ತಮ್ಮ ವೈರಿಂಗ್ ಸೇರಿಸುತ್ತಾರೆ. ಕರ್ನಲ್‌ಗೆ ಇದನ್ನು ಯಾರಾದರೂ ಹೇಳಬೇಕು. ತಾನೇ ಕಂಡುಕೊಳ್ಳುವ ದಾರಿ ಇಲ್ಲ.

ಮೊದಲು ಒಂದೊಂದು ಬೋರ್ಡ್‌ಗೂ ಕರ್ನಲ್ ಒಳಗೇ ಒಂದೊಂದು ಸಿ ಫೈಲ್ ಬರೆಯುತ್ತಿದ್ದರು. ಅದು ಎಷ್ಟು ಬೆಳೆಯಿತೆಂದರೆ 2011ರಲ್ಲಿ ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ಸಿಟ್ಟಾಗಿ ಬೈದರು. ಪವರ್‌ಪಿಸಿ ಕಡೆ ಆಗಲೇ ಬಳಕೆಯಲ್ಲಿದ್ದ, ಹಾರ್ಡ್‌ವೇರ್ ವಿವರವನ್ನು ಬೇರೆ ಫೈಲಿನಲ್ಲಿ ಬರೆದಿಡುವ ಡಿವೈಸ್ ಟ್ರೀಯನ್ನು ಆರ್ಮ್ ಕಡೆಗೂ ತಂದರು. 2012ರ ಡಿಸೆಂಬರ್‌ನಲ್ಲಿ ಬಂದ 3.7 ಕರ್ನಲ್‌ನಲ್ಲಿ, ಬೇರೆಬೇರೆ ಕಂಪನಿಗಳ ಆರ್ಮ್ ಚಿಪ್‌ಗಳಿಗೆ ಒಂದೇ ಕರ್ನಲ್ ಕಟ್ಟುವ ಸೌಲಭ್ಯ ಬಂತು. 64 ಬಿಟ್ ಆರ್ಮ್ ಕೂಡ ಅದರಲ್ಲೇ ಸೇರಿತು.

ಅಂದರೆ ಡಿವೈಸ್ ಟ್ರೀ ಅನ್ನುವುದು ಬೋರ್ಡಿನ ಜಾತಕ. ಜಾತಕ ತಪ್ಪಾಗಿ ಬರೆದಿದ್ದರೆ ಕರ್ನಲ್ ಅದನ್ನೇ ನಂಬಿ ಹಳ್ಳಕ್ಕೆ ಬೀಳುತ್ತದೆ. ನೋಡುವವರಿಗೆ ಹಾರ್ಡ್‌ವೇರ್ ಕೆಟ್ಟ ಹಾಗೇ ಕಾಣುತ್ತದೆ. ಇಲ್ಲಿ ಜಾಸ್ತಿ ದಾರಿ ತಪ್ಪಿಸುವುದು ಇದೇ.

ಮೊದಲು ಕಿವಿ ಸರಿಮಾಡಿಕೊಳ್ಳಿ

ಎಚ್‌ಡಿಎಂಐ ಪರದೆ ನೋಡಿ ಏನೂ ತೀರ್ಮಾನ ಮಾಡಬೇಡಿ. ಪರದೆಯ ಡ್ರೈವರ್ ತುಂಬಾ ತಡವಾಗಿ ಏಳುತ್ತದೆ. ಒಂದು ಯುಎಸ್‌ಬಿ-ಟಿಟಿಎಲ್ ಕೇಬಲ್ ಬೇಕೇ ಬೇಕು. ಬೆಂಗಳೂರಿನವರಾದರೆ ಎಸ್.ಪಿ. ರೋಡ್‌ನಲ್ಲಿ ಒಂದು ಸುತ್ತು ಹಾಕಿದರೆ ಸಿಗುತ್ತದೆ. ತಗೊಳ್ಳುವಾಗ ಒಳಗಿನ ಚಿಪ್ ಯಾವುದು ಅಂತ ಕೇಳಿ. ರಾಕ್‌ಚಿಪ್ ಬೋರ್ಡ್‌ಗಳು ಸಾಮಾನ್ಯವಾಗಿ ಸೆಕೆಂಡಿಗೆ 15,00,000 ಬಿಟ್ ವೇಗದಲ್ಲಿ ಮಾತಾಡುತ್ತವೆ. ಹಳೆಯ ಸಿಪಿ2102 ಚಿಪ್‌ನ ಮಿತಿ 10 ಲಕ್ಷ. ಅದರಲ್ಲಿ ಬರುವುದು ಬರೀ ಕಸದ ಅಕ್ಷರ. ಸಿಎಚ್340 ಸಾಕು. ಆಲ್‌ವಿನ್ನರ್, ಆಮ್‌ಲಾಜಿಕ್, ರಾಸ್‌ಬೆರಿ ಪೈ ಬೋರ್ಡ್‌ಗಳಿಗಾದರೆ 1,15,200 ಸಾಕಾದ್ದರಿಂದ ಯಾವ ಕೇಬಲ್ ಆದರೂ ನಡೆಯುತ್ತದೆ.

ಮೂರೇ ತಂತಿ ಹಾಕಿ: ಗ್ರೌಂಡ್, ಟಿಎಕ್ಸ್ (ಕಳಿಸುವುದು), ಆರ್‌ಎಕ್ಸ್ (ಪಡೆಯುವುದು). ಕೊನೆಯ ಎರಡು ಅಡ್ಡಡ್ಡ, ಅಂದರೆ ಕೇಬಲ್‌ನ ಟಿಎಕ್ಸ್ ಬೋರ್ಡಿನ ಆರ್‌ಎಕ್ಸ್‌ಗೆ, ಬೋರ್ಡಿನ ಟಿಎಕ್ಸ್ ಕೇಬಲ್‌ನ ಆರ್‌ಎಕ್ಸ್‌ಗೆ. 5 ವೋಲ್ಟ್ ತಂತಿಯನ್ನು ಮುಟ್ಟಲೇಬೇಡಿ. ಹೆಚ್ಚಿನ ಬೋರ್ಡ್‌ಗಳಲ್ಲಿ ಸಿಗ್ನಲ್ 3.3 ವೋಲ್ಟ್, ಕೆಲವುಗಳಲ್ಲಿ 1.8. ಜೋಡಿಸುವ ಮುಂಚೆ ನೋಡಿಕೊಳ್ಳಿ.

ಎರಡು ಸಣ್ಣ ಕಿರಿಕಿರಿಗಳಿವೆ. ಬೋರ್ಡ್ ಬರೆಯುವುದು ಕಾಣುತ್ತದೆ, ನೀವು ಟೈಪ್ ಮಾಡಿದ್ದು ಹೋಗುತ್ತಿಲ್ಲ ಅಂದರೆ ಮಿನಿಕಾಮ್‌ನಲ್ಲಿ (ಪಿಸಿಯಲ್ಲಿ ಸೀರಿಯಲ್ ಓದುವ ತಂತ್ರಾಂಶ) ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ ಆಫ್ ಮಾಡಿ. ಇನ್ನೊಂದು, ಪವರ್ ಕಿತ್ತರೂ ಬೋರ್ಡಿನ ದೀಪ ಮಂಕಾಗಿ ಉರಿಯುತ್ತಿರುವುದು. ಸೀರಿಯಲ್ ತಂತಿಯಿಂದಲೇ ಒಂಚೂರು ಕರೆಂಟ್ ಒಳಗೆ ಸೋರುತ್ತಿದೆ ಅಂತ ಅರ್ಥ. ಆಗ ನೀವು ಆಫ್ ಮಾಡಿ ಆನ್ ಮಾಡಿದರೂ ಚಿಪ್ ಪೂರ್ತಿ ರೀಸೆಟ್ ಆಗಿರುವುದಿಲ್ಲ. ಸೀರಿಯಲ್ ಕಿತ್ತು, ಹತ್ತು ಎಣಿಸಿ, ಮತ್ತೆ ಹಾಕಿ.

ಪವರ್ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಹಳೆಯ ಮೊಬೈಲ್ ಚಾರ್ಜರ್, ತೆಳ್ಳಗಿನ ಕೇಬಲ್ ಬೇಡ. ರಾಸ್‌ಬೆರಿ ಪೈ ಆದರೆ 4.63 ವೋಲ್ಟ್‌ಗಿಂತ ಕೆಳಗಿಳಿದಾಗ ತಾನೇ ಎಚ್ಚರಿಸುತ್ತದೆ. ಬೇರೆ ಬೋರ್ಡ್‌ಗಳಲ್ಲಿ ಆ ಭಾಗ್ಯ ಇಲ್ಲದಿರಬಹುದು. ಒಂದೊಂದು ಸಲ ಒಂದೊಂದು ಕಡೆ ಸಾಯುತ್ತಿದೆ ಅಂದರೆ ಕರ್ನಲ್ ಬಿಡಿ, ಮೊದಲು ಚಾರ್ಜರ್ ಬದಲಿಸಿ.

ಒಂದಕ್ಷರವೂ ಬರದಿದ್ದರೆ

ಕರ್ನಲ್‌ಗೂ ಇದಕ್ಕೂ ಸಂಬಂಧವೇ ಇಲ್ಲ. ಚಿಪ್ ಒಳಗೇ ಬರೆದಿಟ್ಟ ಬೂಟ್ ರೋಮ್‌ಗೆ, ಕರ್ನಲ್ ಎಬ್ಬಿಸುವ ಬೂಟ್‌ಲೋಡರ್ ಸಿಕ್ಕಿಲ್ಲ. ಪ್ರತಿ ಕಂಪನಿಯೂ ಬೂಟ್‌ಲೋಡರನ್ನು ಕಾರ್ಡ್‌ನ ಬೇರೆಬೇರೆ ಮೂಲೆಯಲ್ಲಿ ಹುಡುಕುತ್ತದೆ. ಆಲ್‌ವಿನ್ನರ್ 8 ಕಿಲೋಬೈಟ್ ದಾಟಿದ ಮೇಲೆ, ಅಂದರೆ 16ನೇ ಸೆಕ್ಟರ್‌ನಲ್ಲಿ. ರಾಕ್‌ಚಿಪ್ 64ನೇ ಸೆಕ್ಟರ್‌ನಲ್ಲಿ. ಐ.ಎಂಎಕ್ಸ್6 ಇನ್ನೂ ಮುಂಚೆ, 1 ಕಿಲೋಬೈಟ್ ಆದ ಕೂಡಲೇ. ಪೈ 4ಕ್ಕಿಂತ ಹಿಂದಿನ ರಾಸ್‌ಬೆರಿ ಪೈ ಆದರೆ ಫ್ಯಾಟ್ ಪಾರ್ಟಿಷನ್‌ನಲ್ಲಿ ಫೈಲ್‌ಗಳನ್ನೇ ಹುಡುಕುತ್ತದೆ. ಅದರಲ್ಲಿ ಮೊದಲು ಏಳುವುದು ಆರ್ಮ್ ಕೋರ್ ಅಲ್ಲ, ಗ್ರಾಫಿಕ್ಸ್ ಭಾಗ.

ಇಲ್ಲೊಂದು ಹಳ್ಳ ಇದೆ, ನಾನೂ ಬಿದ್ದಿದ್ದೇನೆ. ಜಿಪಿಟಿ ಪಾರ್ಟಿಷನ್ ಕೋಷ್ಟಕ ಸಾಮಾನ್ಯವಾಗಿ 33ನೇ ಸೆಕ್ಟರ್‌ವರೆಗೆ ಜಾಗ ಹಿಡಿಯುತ್ತದೆ. ಆಲ್‌ವಿನ್ನರ್‌ನ 16 ಅದರ ಹೊಟ್ಟೆಯೊಳಗೇ ಬರುತ್ತದೆ. ಬೂಟ್‌ಲೋಡರ್ ಬರೆದರೆ ಕೋಷ್ಟಕ ಹಾಳು, ಕೋಷ್ಟಕ ಬರೆದರೆ ಬೂಟ್‌ಲೋಡರ್ ಹಾಳು. ಅಂಥ ಕಾರ್ಡಿಗೆ ಹಳೆಯ ಎಂಬಿಆರ್ ಕೋಷ್ಟಕವೇ ಕ್ಷೇಮ. ಹೊಸ ಆಲ್‌ವಿನ್ನರ್ ಚಿಪ್‌ಗಳು 128 ಕಿಲೋಬೈಟ್ ಹತ್ತಿರವೂ ಹುಡುಕುವುದರಿಂದ ಅಲ್ಲಿ ಬರೆಯಬಹುದು.

ಚಿಪ್ ಜೀವಂತ ಇದೆಯೋ ಇಲ್ಲವೋ ನೋಡಲು ಕಾರ್ಡ್ ತೆಗೆದು, ಓಟಿಜಿ ಪೋರ್ಟ್‌ನಿಂದ ಪಿಸಿಗೆ ಯುಎಸ್‌ಬಿ ಜೋಡಿಸಿ, ಪಿಸಿಯಲ್ಲಿ ಎಲ್‌ಎಸ್‌ಯುಎಸ್‌ಬಿ (ಜೋಡಿಸಿದ ಯುಎಸ್‌ಬಿ ಸಾಧನಗಳ ಪಟ್ಟಿ ಕೊಡುವ ಕಮಾಂಡ್) ಓಡಿಸಿ. ಆಲ್‌ವಿನ್ನರ್ ಆದರೆ ‘1ಎಫ್3ಎ:ಇಎಫ್‌ಇ8’, ಆರ್‌ಕೆ3399 ಆದರೆ ‘2207:330ಸಿ’ ಅಂತ ಕಾಣಬೇಕು. ಕಂಡರೆ ಚಿಪ್ ಚೆನ್ನಾಗಿದೆ, ಕಾರ್ಡ್ ಬರೆದದ್ದು ತಪ್ಪಾಗಿದೆ.

ಇದರ ಉಲ್ಟಾ ಕೇಸೂ ಇದೆ. ಕಾರ್ಡಿಗೆ ಹೊಸ ಯು-ಬೂಟ್ (ಈ ಬೋರ್ಡ್‌ಗಳ ಸಾಮಾನ್ಯ ಬೂಟ್‌ಲೋಡರ್) ಬರೆದಿದ್ದೀರಿ, ಆದರೆ ನಡವಳಿಕೆ ಹಳೆಯದರ ಹಾಗೇ ಇದೆ. ಆರ್‌ಕೆ3399 ಎಸ್‌ಡಿ ಕಾರ್ಡಿಗಿಂತ ಮೊದಲು ಬೋರ್ಡಿನ ಮೇಲೇ ಇರುವ ಎಸ್‌ಪಿಐ ಫ್ಲ್ಯಾಶ್, ಇಎಂಎಂಸಿ ಅನ್ನುವ ಶೇಖರಣೆಗಳನ್ನು ನೋಡುತ್ತದೆ. ಅಲ್ಲಿ ಹಳೆಯ ಬೂಟ್‌ಲೋಡರ್ ಕೂತಿದ್ದರೆ ಅದೇ ಓಡುತ್ತದೆ. ಯು-ಬೂಟ್ ತನ್ನ ಮೊದಲ ಸಾಲಿನಲ್ಲೇ ಕಟ್ಟಿದ ದಿನಾಂಕ ಹೇಳುತ್ತದೆ. ಅದನ್ನು ಓದುವ ಅಭ್ಯಾಸ ಮಾಡಿಕೊಳ್ಳಿ.

ಯು-ಬೂಟ್ ಮಾತಾಡಿತು, ಕರ್ನಲ್ ಮಾತಾಡಲಿಲ್ಲ

ನನ್ನ ಎರಡು ರಾತ್ರಿ ಹೋಗಿದ್ದು ಇಲ್ಲೇ. ಮೊದಲು ಕನ್ಸೋಲ್ ಹೆಸರು ನೋಡಿ. ಮೇನ್‌ಲೈನ್‌ನಲ್ಲಿ ಆಲ್‌ವಿನ್ನರ್‌ಗೆ ‘ಟಿಟಿವೈ-ಎಸ್0’, ಆಮ್‌ಲಾಜಿಕ್‌ಗೆ ‘ಟಿಟಿವೈ-ಎಎಂಎಲ್0’, ಐ.ಎಂಎಕ್ಸ್‌ಗೆ ‘ಟಿಟಿವೈ-ಎಂಎಕ್ಸ್‌ಸಿ’ ಮತ್ತೊಂದು ಅಂಕಿ, ಕ್ವಾಲ್‌ಕಾಮ್‌ಗೆ ‘ಟಿಟಿವೈ-ಎಂಎಸ್‌ಎಂ0’. ಗೊತ್ತಾಗದಿದ್ದರೆ ಕನ್ಸೋಲ್ ಆಯ್ಕೆಯನ್ನೇ ತೆಗೆದುಬಿಡಿ. ಡಿವೈಸ್ ಟ್ರೀಯ ‘ಚೋಸನ್’ ಭಾಗದಲ್ಲಿ ‘ಎಸ್‌ಟಿಡಿಔಟ್-ಪಾತ್’ ಬರೆದಿದ್ದರೆ ಕರ್ನಲ್ ಅದನ್ನೇ ಹಿಡಿಯುತ್ತದೆ.

ಎರಡನೆಯದು ‘ಅರ್ಲಿಕಾನ್’. ಬೂಟ್ ಸಾಲಿಗೆ ಈ ಒಂದು ಪದ ಸೇರಿಸಿ. ನಿಜವಾದ ಸೀರಿಯಲ್ ಡ್ರೈವರ್ ಏಳುವ ಮುಂಚೆಯೇ ಕರ್ನಲ್ ಆ ‘ಎಸ್‌ಟಿಡಿಔಟ್-ಪಾತ್’ ನೋಡಿಕೊಂಡು ಮಾತಾಡಲು ಶುರುಮಾಡುತ್ತದೆ. ಈಗಲೂ ಮೌನವೇ ಆದರೆ ಕರ್ನಲ್‌ಗೆ ಸರಿಯಾದ ಡಿವೈಸ್ ಟ್ರೀ ಸಿಕ್ಕಿಲ್ಲ, ಅಥವಾ ಲೋಡ್ ಮಾಡಿದ ಫೈಲ್‌ಗಳು ಮೆಮೊರಿಯಲ್ಲಿ ಒಂದರ ಮೇಲೊಂದು ಕೂತಿವೆ.

ಯು-ಬೂಟ್ ಪ್ರಾಂಪ್ಟ್‌ನಲ್ಲಿ ನಿಲ್ಲಿಸಿ ಕರ್ನಲ್ ಮತ್ತು ಡಿವೈಸ್ ಟ್ರೀಗಳನ್ನು ಕೈಯಾರೆ ಲೋಡ್ ಮಾಡಿ. ಆಮೇಲೆ ‘ಎಫ್‌ಡಿಟಿ ಪ್ರಿಂಟ್’ ಕಮಾಂಡ್‌ನಿಂದ ಮಾಡೆಲ್ ಹೆಸರು ಓದಿ. ನಿಮ್ಮ ಬೋರ್ಡ್ ಹೆಸರಿನ ಬದಲು ಅದರ ಅಣ್ಣನ ಹೆಸರೋ ತಮ್ಮನ ಹೆಸರೋ ಬಂದರೆ ಕಳ್ಳ ಸಿಕ್ಕ. ಲೋಡ್ ಆದ ಪ್ರತಿ ಫೈಲಿನ ವಿಳಾಸ, ಗಾತ್ರ ಎರಡನ್ನೂ ಒಂದು ಹಾಳೆ ಮೇಲೆ ಬರೆದು ಕೂಡಿಸಿ ನೋಡಿ. ಕರ್ನಲ್ ದಪ್ಪ ಆಗುತ್ತಾ ಆಗುತ್ತಾ ಪಕ್ಕದ ಇನಿಟ್‌ರಾಮ್‌ಎಫ್‌ಎಸ್ (ಡಿಸ್ಕ್ ಸಿಗುವವರೆಗೆ ಬಳಸುವ ತಾತ್ಕಾಲಿಕ ಫೈಲ್‌ಸಿಸ್ಟಮ್) ಮೇಲೆ ಹರಿಯುವುದು ಹೊಸದೇನಲ್ಲ. ಇನ್ನು 64 ಬಿಟ್ ಕರ್ನಲ್‌ಗೆ ‘ಬೂಟ್-ಐ’, 32 ಬಿಟ್ ಜಡ್‌ಇಮೇಜ್‌ಗೆ ‘ಬೂಟ್-ಜಡ್’. ಅದಲು ಬದಲಾದರೆ ಯು-ಬೂಟ್ ತಾನೇ ಮ್ಯಾಜಿಕ್ ತಪ್ಪು ಅಂತ ಗೊಣಗುತ್ತದೆ.

ಕಂಪನಿಯ ಹಳೆಯ ಡಿವೈಸ್ ಟ್ರೀಯನ್ನು ಮೇನ್‌ಲೈನ್ ಕರ್ನಲ್‌ಗೆ ಹಾಕುವ ಯೋಚನೆ ಬಂದರೆ ಬಿಟ್ಟುಬಿಡಿ. ಎರಡರ ಭಾಷೆ ಒಂದೇ ಹಾಗೆ ಕಾಣುತ್ತದೆ, ಪದಗಳ ಅರ್ಥ ಬೇರೆ. ಆದರೆ ಅದನ್ನು ಬಿಸಾಡಲೂಬೇಡಿ. ಡಿವೈಸ್ ಟ್ರೀ ಕಟ್ಟುವ, ಬಿಚ್ಚುವ ‘ಡಿಟಿಸಿ’ಯಿಂದ ಬಿಚ್ಚಿ ಓದಿದರೆ ಯಾವ ಪಿನ್ ಯಾವ ರೀಸೆಟ್‌ಗೆ, ಯಾವ ರೆಗ್ಯುಲೇಟರ್ (ವೋಲ್ಟೇಜ್ ಹಿಡಿದಿಡುವ ಭಾಗ) ಎಷ್ಟು ವೋಲ್ಟ್‌ಗೆ ಅಂತ ತಿಳಿಯುತ್ತದೆ. ಸರ್ಕ್ಯೂಟ್ ಚಿತ್ರ ಸಿಗದ ಬೋರ್ಡ್‌ಗೆ ಅದೇ ಆಧಾರ. ವಿಷಯ ಅಲ್ಲಿಂದ ತಗೊಂಡು ಮೇನ್‌ಲೈನ್ ಶೈಲಿಯಲ್ಲಿ ನೀವೇ ಬರೆಯಬೇಕು.

ನಡುವೆ ಸಿಕ್ಕಿಕೊಂಡರೆ

ಕರ್ನಲ್ ಒಂದಷ್ಟು ಸಾಲು ಹೇಳಿ ಗಪ್ಪನೆ ನಿಲ್ಲುತ್ತದೆ. ಪ್ಯಾನಿಕ್ (ಮುಂದೆ ಹೋಗಲಾರೆ ಅನ್ನುವ ಕರ್ನಲ್‌ನ ಕೊನೆಯ ಸಂದೇಶ) ಇಲ್ಲ, ಏನೂ ಇಲ್ಲ. ಎಲ್ಲರೂ ಕೊನೆಯ ಸಾಲನ್ನು ಅನುಮಾನಿಸುತ್ತಾರೆ. ಅದು ಪಾಪ, ತನ್ನ ಕೆಲಸ ಮುಗಿಸಿದ್ದಕ್ಕೇ ಆ ಸಾಲು ಬಂದಿರಬಹುದು. ತಪ್ಪು ಮಾಡಿದವನು ಅದರ ಮುಂದಿನವನು, ಬಾಯಿ ಬಿಡುವ ಮುಂಚೆಯೇ ಸತ್ತವನು. ‘ಇನಿಟ್‌ಕಾಲ್ ಡಿಬಗ್’ ಜೊತೆಗೆ ‘ಇಗ್ನೋರ್ ಲಾಗ್‌ಲೆವೆಲ್’ ಹಾಕಿ. ಪ್ರತಿ ಕೆಲಸಕ್ಕೂ ‘ಕಾಲಿಂಗ್’ ಅಂತ ಒಂದು ಸಾಲು, ಮುಗಿದ ಮೇಲೆ ಇನ್ನೊಂದು ಸಾಲು ಬರುತ್ತದೆ. ಮೊದಲನೆಯದು ಬಂದು ಎರಡನೆಯದು ಬರದಿದ್ದರೆ ಅವನೇ.

ಆರ್ಮ್‌ನಲ್ಲಿ ಹೀಗೆ ನಿಲ್ಲುವುದಕ್ಕೆ ಒಂದು ವಿಶೇಷ ಕಾರಣ ಉಂಟು. ಚಿಪ್‌ನ ಪ್ರತಿ ಭಾಗಕ್ಕೂ ಬೇರೆ ಕ್ಲಾಕ್, ಬೇರೆ ಪವರ್ ಕೋಣೆ. ಕ್ಲಾಕ್ ನಿಂತ ಭಾಗದ ರಿಜಿಸ್ಟರ್ ಓದಲು ಹೋದರೆ ಎಷ್ಟೋ ಚಿಪ್‌ಗಳಲ್ಲಿ ಉತ್ತರವೇ ಬರುವುದಿಲ್ಲ. ಸಿಪಿಯು ಬಾಗಿಲು ತಟ್ಟಿಕೊಂಡು ನಿಂತೇ ಇರುತ್ತದೆ. ಬೂಟ್‌ನ ಕೊನೆಯಲ್ಲಿ ಕರ್ನಲ್ ‘ಯಾರೂ ಕೇಳದ ಕ್ಲಾಕ್‌ಗಳನ್ನೆಲ್ಲ ಆರಿಸುತ್ತೇನೆ’ ಅಂತ ಒಂದು ಸುತ್ತು ಹೊರಡುತ್ತದೆ. ಯು-ಬೂಟ್ ಹಚ್ಚಿಟ್ಟಿದ್ದ, ಡಿವೈಸ್ ಟ್ರೀಯಲ್ಲಿ ಬರೆಯಲು ಮರೆತ ಕ್ಲಾಕ್ ಆಗ ಆರುತ್ತದೆ. ಅಲ್ಲಿಗೆ ಬೋರ್ಡ್ ಕಲ್ಲು.

ಪರೀಕ್ಷೆಗೆ ‘ಸಿಎಲ್‌ಕೆ ಇಗ್ನೋರ್ ಅನ್‌ಯೂಸ್ಡ್’ ಹಾಕಿ, ಪವರ್ ಕೋಣೆಗಳಿಗೆ ‘ಪಿಡಿ ಇಗ್ನೋರ್ ಅನ್‌ಯೂಸ್ಡ್’. ಇವುಗಳಿಂದ ಬೋರ್ಡ್ ಎದ್ದರೆ ರೋಗ ಯಾವುದು ಅಂತ ಗೊತ್ತಾಯಿತು, ವಾಸಿಯಾಗಿಲ್ಲ. ಹಾಗೇ ಬಿಟ್ಟು ನಡೆಸುವವರಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಮುಂದೆ ಯಾವತ್ತೋ ಬಿಸಿ ಜಾಸ್ತಿ, ಕರೆಂಟ್ ಜಾಸ್ತಿ ಅಂತ ಅದೇ ಬೇರೆ ವೇಷದಲ್ಲಿ ಬರುತ್ತದೆ. ಎದ್ದ ಮೇಲೆ ಡಿಬಗ್‌ಎಫ್‌ಎಸ್ ಫೋಲ್ಡರ್‌ನಲ್ಲಿ (ಕರ್ನಲ್ ತನ್ನ ಒಳಗಿನ ಸ್ಥಿತಿ ತೋರಿಸುವ ಜಾಗ) ಇರುವ ಕ್ಲಾಕ್ ಸಾರಾಂಶ ತೆರೆದು, ಉರಿಯುತ್ತಿದ್ದರೂ ಒಡೆಯ ಇಲ್ಲದ ಕ್ಲಾಕ್ ಹುಡುಕಿ, ಸರಿಯಾದ ಜಾಗದಲ್ಲಿ ಬರೆಯಿರಿ.

ಇದರದೇ ತಮ್ಮ ಇನ್ನೊಬ್ಬ. ಬೋರ್ಡ್ ಪೂರ್ತಿ ಏಳುತ್ತದೆ, ಲಾಗಿನ್ ಆಗುತ್ತೀರಿ, ಸುಮಾರು 30 ಸೆಕೆಂಡಿಗೆ ಯುಎಸ್‌ಬಿಯೋ ಎಸ್‌ಡಿಯೋ ಸಾಯುತ್ತದೆ. ಪ್ರತಿ ಸಲವೂ ಅಷ್ಟೇ ಹೊತ್ತಿಗೆ. ಹೊಸ ಕರ್ನಲ್‌ಗಳು ಯಾರೂ ಬಳಸದ ರೆಗ್ಯುಲೇಟರ್‌ಗಳನ್ನು ಆರಿಸಲು 30 ಸೆಕೆಂಡ್ ಕಾಯುತ್ತವೆ. ಡಿಮೆಸೇಜ್‌ನಲ್ಲಿ (ಕರ್ನಲ್‌ನ ಸಂದೇಶಗಳ ಪಟ್ಟಿ) ಆ ಹೊತ್ತಿಗೆ ಒಂದು ರೆಗ್ಯುಲೇಟರ್ ಹೆಸರು, ಪಕ್ಕದಲ್ಲಿ ‘ಡಿಸೇಬ್ಲಿಂಗ್’ ಅಂತ ಇರುತ್ತದೆ. ಆ ಪವರ್ ಯಾರಿಗೆ ಬೇಕೋ ಅವರ ಹೆಸರಿಗೆ ಡಿವೈಸ್ ಟ್ರೀಯಲ್ಲಿ ಬರೆದರೆ ಮುಗಿಯಿತು.

ಆರು ಕೋರ್ ಇರಬೇಕಾದ ಕಡೆ ಒಂದೇ ಕಾಣುತ್ತಿದ್ದರೆ ಕರ್ನಲ್ ಬಿಟ್ಟು, ಅದಕ್ಕಿಂತ ಮೊದಲು ಏಳುವ ಟ್ರಸ್ಟೆಡ್ ಫರ್ಮ್‌ವೇರ್ ಕಡೆ ನೋಡಿ. ಉಳಿದ ಕೋರ್‌ಗಳನ್ನು ಎಬ್ಬಿಸುವುದು ಅದರ ಪಿಎಸ್‌ಸಿಐ ಅನ್ನುವ ಭಾಗ. ಆ ಫರ್ಮ್‌ವೇರ್ ಕೂತ ರಾಮ್ ಜಾಗವನ್ನು ಡಿವೈಸ್ ಟ್ರೀಯಲ್ಲಿ ಕಾದಿರಿಸದೇ ಇದ್ದರೆ ಕರ್ನಲ್ ಅದನ್ನು ಮುಟ್ಟಿ ‘ಎಸ್‌ಎರರ್’ ಅಂತ ಕಿರುಚಿ ಬೀಳುತ್ತದೆ.

ರೂಟ್ ಸಿಗಲಿಲ್ಲ ಅಂದರೆ

ರೂಟ್ ಅಂದರೆ ಸಿಸ್ಟಮ್ ಫೈಲ್‌ಗಳಿರುವ ಪಾರ್ಟಿಷನ್. ಅದು ಸಿಗದಿದ್ದರೆ ಕರ್ನಲ್ ಪ್ಯಾನಿಕ್ ಆಗುತ್ತದೆ. ಆ ಪ್ಯಾನಿಕ್ ಸಾಲಿನ ಕೊನೆಯಲ್ಲಿ ‘ಅನ್‌ನೋನ್ ಬ್ಲಾಕ್’ ಪಕ್ಕ ಎರಡು ಅಂಕಿಗಳಿವೆ. ಅವು ‘0,0’ ಆದರೆ ಡಿಸ್ಕೇ ಕಂಡಿಲ್ಲ. ‘179’ ಅಂತ ಶುರುವಾದರೆ ಎಸ್‌ಡಿ ಅಥವಾ ಇಎಂಎಂಸಿ ಕಂಡಿದೆ, ಅದರೊಳಗಿನ ಫೈಲ್‌ಸಿಸ್ಟಮ್ ಓದಲು ಬರಲಿಲ್ಲ. ಇಷ್ಟು ಓದಿಕೊಂಡರೆ ಅರ್ಧ ದಿನ ಉಳಿಯುತ್ತದೆ.

‘0,0’ ನನಗೂ ಬಂತು. ಎಸ್‌ಡಿ ಡ್ರೈವರ್ ಕರ್ನಲ್ ಒಳಗೇ ಇತ್ತು. ಮತ್ತೇನು? ಎಸ್‌ಡಿಗೆ ರೆಗ್ಯುಲೇಟರ್ ಬೇಕು. ರೆಗ್ಯುಲೇಟರ್ ಇರುವುದು ಪಿಎಂಐಸಿ ಅನ್ನುವ ಪವರ್ ಚಿಪ್ ಒಳಗೆ. ಆ ಚಿಪ್ ಜೊತೆ ಮಾತಾಡಲು ಐ2ಸಿ (ಚಿಪ್‌ಗಳ ನಡುವಿನ ಎರಡು ತಂತಿಯ ಸಂಪರ್ಕ) ಬೇಕು. ಐ2ಸಿ ಡ್ರೈವರನ್ನು ನಾನು ಮಾಡ್ಯೂಲ್ (ಕರ್ನಲ್‌ನ ಹೊರಗಿರುವ ಬೇರೆ ಫೈಲ್) ಮಾಡಿದ್ದೆ. ಮಾಡ್ಯೂಲ್ ಇದ್ದದ್ದು ರೂಟ್ ಪಾರ್ಟಿಷನ್‌ನಲ್ಲಿ! ಬೀಗದ ಕೈ ಒಳಗಿಟ್ಟು ಬಾಗಿಲು ಎಳೆದುಕೊಂಡ ಹಾಗೆ. ಇಂಥ ಕಾಯುವಿಕೆಗೆ ಕರ್ನಲ್‌ನ ಸಂಖ್ಯೆ -517. ಯಾರ್ಯಾರು ಕಾಯುತ್ತಿದ್ದಾರೆ ಅನ್ನುವ ಪಟ್ಟಿ ಡಿಬಗ್‌ಎಫ್‌ಎಸ್‌ನ ‘ಡಿವೈಸಸ್ ಡಿಫರ್ಡ್’ ಫೈಲ್‌ನಲ್ಲಿ ಸಿಗುತ್ತದೆ. ಅದಕ್ಕೆ ಇನಿಟ್‌ರಾಮ್‌ಎಫ್‌ಎಸ್ ಶೆಲ್‌ವರೆಗಾದರೂ ತಲುಪಬೇಕು.

ಒಮ್ಮೆ ಎದ್ದು ಇನ್ನೊಮ್ಮೆ ಏಳದಿದ್ದರೆ ಎಸ್‌ಡಿ, ಇಎಂಎಂಸಿಗಳ ಅಂಕಿ ಅದಲು ಬದಲಾಗುತ್ತಿದೆ. ಡಿಸ್ಕ್ ಹೆಸರಿನ ಬದಲು ಪಾರ್ಟ್‌ಯುಯುಐಡಿ (ಪಾರ್ಟಿಷನ್‌ನ ಬದಲಾಗದ ಗುರುತು) ಬರೆಯಿರಿ.

ಎದ್ದಿತು, ಕೈಕಾಲು ಆಡುತ್ತಿಲ್ಲ

ವೈಫೈ ಬೇಗ ಮುಗಿಸೋಣ. ಡಿಮೆಸೇಜ್‌ನಲ್ಲಿ -2 ಬಂದರೆ ಫರ್ಮ್‌ವೇರ್ ಫೈಲ್ ಇಲ್ಲ. ಬ್ರಾಡ್‌ಕಾಮ್ ಚಿಪ್ ಆದರೆ ಬೋರ್ಡಿನ ಹೆಸರಿರುವ ಒಂದು ಟೆಕ್ಸ್ಟ್ ಫೈಲ್ ಕೂಡ ಬೇಕು.

ಎತರ್ನೆಟ್ ಮಾತ್ರ ನಿಧಾನವಾಗಿ ಹೇಳಬೇಕಾದ ಕಥೆ. ಗೆಳೆಯನ ಹತ್ತಿರ ಒಂದು ಆಲ್‌ವಿನ್ನರ್ ಎಚ್5 ಬೋರ್ಡ್ ಇತ್ತು. ಕರ್ನಲ್ ಅಪ್‌ಡೇಟ್ ಮಾಡಿದ ಮೇಲೆ ನೆಟ್ ಹೋಯಿತು. ದೀಪ ಮಿನುಗುತ್ತದೆ, ಲಿಂಕ್ 1 ಗಿಗಾಬಿಟ್ ಅಂತ ತೋರಿಸುತ್ತದೆ, ಡಿಎಚ್‌ಸಿಪಿಯಿಂದ ಬರಬೇಕಾದ ಐಪಿ ವಿಳಾಸ ಮಾತ್ರ ಸಿಗುವುದಿಲ್ಲ. ಅವನು ಕೇಬಲ್ ಬದಲಿಸಿದ, ಸ್ವಿಚ್ ಬದಲಿಸಿದ. ಕೊನೆಗೆ ಇತ್‌ಟೂಲ್ ಕಮಾಂಡ್‌ನಿಂದ ವೇಗವನ್ನು 100 ಮೆಗಾಬಿಟ್‌ಗೆ ಇಳಿಸಿದೆವು. ತಕ್ಷಣ ಓಡಿತು.

ಅದೇ ಸುಳಿವು. ಗಿಗಾಬಿಟ್ ವೇಗದಲ್ಲಿ ಆರ್‌ಜಿಎಂಐಐ ತಂತಿಗಳ (ಚಿಪ್‌ನ ಎತರ್ನೆಟ್ ಭಾಗವನ್ನು ಪಿಎಚ್‌ವೈ ಚಿಪ್‌ಗೆ ಜೋಡಿಸುವವು) ಕ್ಲಾಕ್ 125 ಮೆಗಾಹರ್ಟ್ಸ್, ಅಂದರೆ ಒಂದು ಸುತ್ತಿಗೆ 8 ನ್ಯಾನೋಸೆಕೆಂಡ್. ಡೇಟಾ ಸರಿಯಾಗಿ ಹಿಡಿಯಲು ಕ್ಲಾಕನ್ನು ಸುಮಾರು 2 ನ್ಯಾನೋಸೆಕೆಂಡ್ ತಡ ಮಾಡಬೇಕು. ಆ ತಡವನ್ನು ಸಿಪಿಯು ಕಡೆಯ ಮ್ಯಾಕ್ ಕೊಡಬಹುದು, ಕೇಬಲ್ ಕಡೆಯ ಪಿಎಚ್‌ವೈ ಚಿಪ್ ಕೊಡಬಹುದು, ಬೋರ್ಡಿನ ಮೇಲೆ ಉದ್ದ ತಂತಿ ಎಳೆದೂ ಕೊಡಬಹುದು. ಒಬ್ಬರೇ ಕೊಡಬೇಕು. ಇಬ್ಬರು ಕೊಟ್ಟರೂ ಕೆಟ್ಟಿತು, ಯಾರೂ ಕೊಡದಿದ್ದರೂ ಕೆಟ್ಟಿತು. 100 ಮೆಗಾಬಿಟ್‌ನಲ್ಲಿ ಒಂದು ಸುತ್ತು 40 ನ್ಯಾನೋಸೆಕೆಂಡ್ ಇರುವುದರಿಂದ ಈ ಎಡವಟ್ಟು ಗೊತ್ತೇ ಆಗುವುದಿಲ್ಲ.

ಡಿವೈಸ್ ಟ್ರೀಯಲ್ಲಿ ‘ಆರ್‌ಜಿಎಂಐಐ’ ಅಂತ ಬರೆದರೆ ಪಿಎಚ್‌ವೈ ತಡ ಮಾಡಬಾರದು, ‘ಆರ್‌ಜಿಎಂಐಐ-ಐಡಿ’ ಅಂದರೆ ಮಾಡಬೇಕು. ಆ ಬೋರ್ಡಿನಲ್ಲಿದ್ದ ಆರ್‌ಟಿಎಲ್8211ಇ ಚಿಪ್‌ಗೆ ಹಳೆಯ ಡ್ರೈವರ್ ಈ ಆದೇಶ ಬರೆಯುತ್ತಿತ್ತು, ಆದರೆ ಆದೇಶ ಜಾರಿ ಮಾಡುವ ಒಂದು ಬಿಟ್ ಹಾಕುತ್ತಿರಲಿಲ್ಲ. ಹಾಗಾಗಿ ಚಿಪ್ ತನ್ನ ಪಿನ್‌ಗಳಲ್ಲಿ ಕಟ್ಟಿದ್ದ ಸೆಟ್ಟಿಂಗ್ ಪ್ರಕಾರ ತಡ ಮಾಡುತ್ತಲೇ ಇತ್ತು. ಡಿವೈಸ್ ಟ್ರೀಯಲ್ಲಿ ತಪ್ಪಿತ್ತು, ಡ್ರೈವರ್‌ನಲ್ಲೂ ತಪ್ಪಿತ್ತು, ಎರಡೂ ಸೇರಿ ನೆಟ್ ಓಡುತ್ತಿತ್ತು. 2020ರಲ್ಲಿ ಡ್ರೈವರ್ ಸರಿಪಡಿಸಿದರು. ‘ಆರ್‌ಜಿಎಂಐಐ’ ಅಂತ ಬರೆದಿದ್ದ ಬೋರ್ಡ್‌ಗಳು ಒಂದೊಂದಾಗಿ ಮೂಕವಾದವು. ಗೆಳೆಯನ ಬೋರ್ಡ್‌ಗೆ ಬೇಕಾಗಿದ್ದ ಮದ್ದು ಮೂರೇ ಅಕ್ಷರ: ಒಂದು ಅಡ್ಡಗೆರೆ, ‘ಐ’, ‘ಡಿ’.

ಪವರ್ ಕಿತ್ತು ಹಾಕಿದರೆ ಏಳುತ್ತದೆ, ರೀಬೂಟ್ ಮಾಡಿದರೆ ಏಳುವುದಿಲ್ಲ

ನನ್ನ ಬೋರ್ಡಿನ ಕೊನೆಯ ಕಾಯಿಲೆ ಇದು. ವೇಗದ ಎಸ್‌ಡಿ ಕಾರ್ಡ್‌ಗಳು ಕೆಲಸ ಶುರುವಾದ ಮೇಲೆ ಸಿಗ್ನಲ್ ಮಟ್ಟವನ್ನು 3.3ರಿಂದ 1.8 ವೋಲ್ಟ್‌ಗೆ ಇಳಿಸಿಕೊಳ್ಳುತ್ತವೆ. ಮತ್ತೆ ಮೇಲೆ ಹತ್ತಬೇಕೆಂದರೆ ಕಾರ್ಡಿನ ಪವರ್ ಒಮ್ಮೆ ಹೋಗಿ ಬರಬೇಕು. ರೀಬೂಟ್‌ನಲ್ಲಿ ಚಿಪ್ ರೀಸೆಟ್ ಆಗುತ್ತದೆ, ಕಾರ್ಡಿನ ಪವರ್ ಹೋಗುವುದಿಲ್ಲ. ಚಿಪ್‌ನ ಬೂಟ್ ರೋಮ್ 3.3ರಲ್ಲಿ ಕೂಗುತ್ತದೆ, ಕಾರ್ಡ್ 1.8ರಲ್ಲಿ ಕೂತಿದೆ. ಇಬ್ಬರಿಗೂ ಮಾತು ಕೇಳಿಸದು.

ಸರಿಯಾದ ಪರಿಹಾರ ಅಂದರೆ ಕಾರ್ಡಿನ ಪವರ್ ಯಾವ ಪಿನ್ ಕೈಯಲ್ಲಿದೆಯೋ ಅದನ್ನು ಡಿವೈಸ್ ಟ್ರೀಯಲ್ಲಿ ರೆಗ್ಯುಲೇಟರ್ ಅಂತ ಬರೆದು, ರೀಸೆಟ್‌ನಲ್ಲಿ ಅದು ಆರುವ ಹಾಗೆ ನೋಡಿಕೊಳ್ಳುವುದು. ನನ್ನ ಬೋರ್ಡಿನಲ್ಲಿ ಆ ಪಿನ್ನೇ ಇಲ್ಲ, ಪವರ್ ನೇರ ಜೋಡಿಸಿದೆ. ಹಾಗಾಗಿ ಎಸ್‌ಡಿ ಭಾಗಕ್ಕೆ ‘ನೋ-1-8-ವಿ’ ಅಂತ ಸೇರಿಸಿದೆ. ಕಾರ್ಡ್ ವೇಗ ಇಳಿಯಿತು, ರೀಬೂಟ್ ಸರಿಹೋಯಿತು. ಬ್ಯಾಕಪ್ ಎಲ್ಲ ಯುಎಸ್‌ಬಿ ಡಿಸ್ಕ್‌ಗೆ ಹೋಗುವುದರಿಂದ ಕಾರ್ಡಿನ ವೇಗ ನನಗೆ ಬೇಕಾಗಿಯೂ ಇಲ್ಲ.

ಸಸ್ಪೆಂಡ್ ಇನ್ನೂ ಕೆಲಸ ಮಾಡುವುದಿಲ್ಲ. ಮಲಗಿಸಿದರೆ ಏಳುವುದಿಲ್ಲ. ರಾತ್ರಿಯೆಲ್ಲ ಎದ್ದಿರಬೇಕಾದ ಪೆಟ್ಟಿಗೆ ಅದು, ಆ ಗೋಜಿಗೆ ನಾನು ಹೋಗಿಲ್ಲ.